ಮನೆ ಮತ್ತೆ ಕಟ್ಟೋಕೆ ಸಾಕಾಗುವಷ್ಟು ವಿಮೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಹೆಂಚು ಕೈಯಾಡಿಸುವುದು, ಸೌದೆ ಒಳಗೆ ಹಾಕುವುದು, ಚರಂಡಿ ಬಿಡಿಸುವುದು ಎಲ್ಲ ತಪ್ಪದೆ ನಡೆಯುತ್ತದೆ. ಬೀರುವಿನಲ್ಲಿರುವ ವಿಮೆ ಕಾಗದ ತೆಗೆದು ಓದುವವರು ಮಾತ್ರ ಕಡಿಮೆ. ನಾನೂ ಓದಿರಲಿಲ್ಲ. ಮೂರು ಮಳೆಗಾಲದ ಹಿಂದೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂದಿನ ಧರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಬದಿ) ಜರಿದು ಬಚ್ಚಲುಮನೆ ನೆಲಸಮವಾಯಿತು, ಅಡುಗೆಮನೆಯ ಗೋಡೆ ಅರ್ಧ ಬಿತ್ತು. ವಿಮೆ ಇತ್ತು, ಆದರೆ ಬಂದ ದುಡ್ಡಲ್ಲಿ ಅರ್ಧ ಕೆಲಸವೂ ಮುಗಿಯಲಿಲ್ಲ. ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಪಾಲಿಸಿಯನ್ನು ಸಾಲು ಬಿಡದೆ ಓದಿದೆ. ಅಂದಿನಿಂದ ನೆಂಟರು, ಅಕ್ಕಪಕ್ಕದವರು, ಸೊಸೈಟಿಯಲ್ಲಿ ಸಿಕ್ಕವರು ಎಲ್ಲ ನನ್ನನ್ನೇ ಕೇಳುತ್ತಾರೆ. ಅವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಮನೆಯನ್ನು ಎಷ್ಟಕ್ಕೆ ವಿಮೆ ಮಾಡಿಸಬೇಕು? ಮಾರಿದರೆ ಬರುವ ಬೆಲೆಗಾ?

ಅಲ್ಲ. ಮನೆ ಮಾರಿದಾಗ ಬರುವ ದುಡ್ಡಲ್ಲಿ ಜಾಗದ ಬೆಲೆಯೂ ಸೇರಿರುತ್ತದೆ. ಮನೆ ಸುಟ್ಟರೂ, ಬಿದ್ದರೂ ಜಾಗ ಅಲ್ಲೇ ಇರುತ್ತದಲ್ವಾ? ವಿಮೆ ಬೇಕಿರುವುದು ಗೋಡೆ, ಮಾಡು, ನೆಲ, ಬಾಗಿಲು, ವೈರಿಂಗ್, ಪೈಪು ಇವನ್ನೆಲ್ಲ ಇವತ್ತಿನ ದರದಲ್ಲಿ ಮತ್ತೆ ಕಟ್ಟಿ ನಿಲ್ಲಿಸುವ ಖರ್ಚಿಗೆ.

ಶಿವಮೊಗ್ಗದ ದುರ್ಗಿಗುಡಿಯಂಥ ಕಡೆ ಜಾಗದ ಬೆಲೆಯೇ ಜಾಸ್ತಿ, ಮನೆ ಹಳೆಯದು. ಅಲ್ಲಿ ಮಾರುವ ಬೆಲೆಗೆ ವಿಮೆ ಮಾಡಿಸಿದರೆ ಸುಮ್ನೆ ಪ್ರೀಮಿಯಂ ದಂಡ. ಹೊಸನಗರದ ಒಳಗಿನ ಹಳ್ಳಿಗಳಲ್ಲಿ ಇದು ತಿರುವುಮುರುವು. ಮನೆ ಮಾರೋಕೆ ಹೋದರೆ ಕೊಳ್ಳುವವರೇ ಇರುವುದಿಲ್ಲ, ಅದೇ ಮನೆಯನ್ನು ಮತ್ತೆ ಕಟ್ಟಬೇಕೆಂದರೆ ಜಲ್ಲಿ, ಮರಳು, ಸಿಮೆಂಟು ಸಾಗಿಸುವ ಲಾರಿ ಬಾಡಿಗೆಯೇ ಹೆದರಿಸುತ್ತದೆ. ಅಂಥವರು ಮಾರುವ ಬೆಲೆ ಹಾಕಿದರೆ ಕೆಟ್ಟರು.

ಸಾಲ ಕೊಟ್ಟ ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆ. ಅಷ್ಟು ಸಾಲದಾ?

ಮೊದಲು ಅದು ಯಾವ ವಿಮೆ ಅಂತ ನೋಡಿ. ಗೃಹಸಾಲದ ಜೊತೆ ಕೊಡುವ ವಿಮೆಯಲ್ಲಿ ಎರಡು ಜಾತಿ. ಒಂದು, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ. ಅದಕ್ಕೂ ಗೋಡೆ ಬೀಳುವುದಕ್ಕೂ ಸಂಬಂಧ ಇಲ್ಲ. ಇನ್ನೊಂದು ಕಟ್ಟಡದ ವಿಮೆ. ಬಹಳ ಜನ ಮೊದಲನೆಯದನ್ನು ಕೈಯಲ್ಲಿಟ್ಟುಕೊಂಡು ಎರಡನೆಯದು ಇದೆ ಅಂದುಕೊಂಡಿರುತ್ತಾರೆ.

ಕಟ್ಟಡದ ವಿಮೆಯೇ ಆಗಿದ್ದರೂ ಮೊತ್ತ ನೋಡಿ. ಬ್ಯಾಂಕಿಗೆ ಬೇಕಿರುವುದು ತನ್ನ ಸಾಲಕ್ಕೆ ಭದ್ರತೆ. 12 ಲಕ್ಷ ಸಾಲ ಇದ್ದರೆ 12 ಲಕ್ಷಕ್ಕೆ ಮಾಡಿಸಿ ಕೈತೊಳೆದುಕೊಂಡಿರಬಹುದು. ಮನೆ ಕಟ್ಟೋಕೆ 26 ಲಕ್ಷ ಬೇಕಿದ್ದರೆ ಉಳಿದ 14 ಲಕ್ಷ ನಿಮ್ಮ ತಲೆ ಮೇಲೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಪರಿಹಾರದ ಚೆಕ್ಕು ಮೊದಲು ಬ್ಯಾಂಕಿಗೆ ಹೋಗುತ್ತದೆ ಅನ್ನುವುದೂ ಗೊತ್ತಿರಲಿ.

ಸರಿ, ಮತ್ತೆ ಕಟ್ಟುವ ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಇಲ್ಲೇ ಹೆಚ್ಚಿನವರು ಎಡವುವುದು. ನಿಧಾನವಾಗಿ ನೋಡೋಣ.

ಈಗ ಎಲ್ಲ ಸಾಮಾನ್ಯ ವಿಮಾ ಕಂಪನಿಗಳು ಮಾರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಸೂತ್ರ ಹೀಗಿದೆ: ಮನೆಯ ಕಾರ್ಪೆಟ್ ಏರಿಯಾ ಚದರ ಮೀಟರಿನಲ್ಲಿ, ಅದಕ್ಕೆ ಒಂದು ಚದರ ಮೀಟರ್ ಕಟ್ಟುವ ಇವತ್ತಿನ ಖರ್ಚಿನಿಂದ ಗುಣಿಸಿ. ಕೊಟ್ಟಿಗೆ, ಕಾಂಪೌಂಡು ಮುಂತಾದ್ದು ಇದರ ಮೇಲೆ ಬೇರೆ. ಒಂದು ಚದರ ಮೀಟರ್ ಅಂದರೆ ಸುಮಾರು 10.76 ಚದರ ಅಡಿ.

ಕಾರ್ಪೆಟ್ ಏರಿಯಾ ಅಂದರೆ ಹೊರಗೋಡೆ ಬಿಟ್ಟು ಒಳಗಿನ ಜಾಗ. ಒಳಗಿನ ಅಡ್ಡಗೋಡೆ ಲೆಕ್ಕಕ್ಕೆ ಬರುತ್ತದೆ, ಜಗಲಿ ಬರುವುದಿಲ್ಲ. ನಮ್ಮ ಮೇಸ್ತ್ರಿ ಲೆಕ್ಕವೇ ಬೇರೆ. ಅವರು ಹೊರಗಿಂದ ಹೊರಕ್ಕೆ ಟೇಪು ಹಿಡಿದು 'ಹನ್ನೆರಡು ಚದರ ಆಯ್ತು, ಚದರಕ್ಕೆ ಇಷ್ಟು' ಅನ್ನುತ್ತಾರೆ. ಸಿಟಿಯ ಇಟ್ಟಿಗೆ ಮನೆಯಲ್ಲಿ ಗೋಡೆ ತೆಳು, ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಮಲೆನಾಡಿನ ಹಳೇ ಮನೆಯಲ್ಲಿ ಗೋಡೆಯೇ ಒಂದೂವರೆ ಅಡಿ ದಪ್ಪ.

ಉದಾಹರಣೆಗೆ ಹೊರಗಿನ ಅಳತೆ 40 ಅಡಿಗೆ 30 ಅಡಿ ಇರುವ ಮನೆ ತೆಗೆದುಕೊಳ್ಳಿ. ಮೇಸ್ತ್ರಿ ಲೆಕ್ಕದಲ್ಲಿ 1,200 ಚದರ ಅಡಿ, ಅಂದರೆ 12 ಚದರ. ಸುತ್ತ ಒಂದೂವರೆ ಅಡಿ ಗೋಡೆ ಕಳೆದರೆ ಒಳಗೆ ಉಳಿಯುವುದು 37ಕ್ಕೆ 27, ಅಂದರೆ 999 ಚದರ ಅಡಿ. ಚದರಕ್ಕೆ 2.2 ಲಕ್ಷ, ಅಂದರೆ ಚದರ ಅಡಿಗೆ 2,200 ರೂಪಾಯಿ ಅಂತ ಇಟ್ಟುಕೊಂಡರೆ ಮನೆ ಕಟ್ಟೋಕೆ 26.4 ಲಕ್ಷ ಬೇಕು. ನೀವು ಮಾತ್ರ ಅರ್ಜಿಯಲ್ಲಿ 999 ಅಂತ ಬರೆದು, ಮೇಸ್ತ್ರಿ ಹೇಳಿದ ಅದೇ 2,200 ರೂಪಾಯಿ ದರದಿಂದ ಗುಣಿಸಿದರೆ ಸುಮಾರು 21.98 ಲಕ್ಷ ಬರುತ್ತದೆ. ನಾಲ್ಕು ಲಕ್ಷ ಚಿಲ್ಲರೆ ಗೋಡೆಯೊಳಗೇ ಮಾಯ!

ಇದಕ್ಕೆ ದಾರಿ ಸುಲಭ. ಮೊದಲು ಒಟ್ಟು ಖರ್ಚು ತೆಗೆಯಿರಿ. ಆಮೇಲೆ ಅದನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ ದರ ಬರೆಯಿರಿ. ಮೇಲಿನ ಮನೆಗೆ ಚದರ ಅಡಿಗೆ ಸುಮಾರು 2,640 ರೂಪಾಯಿ ಆಗುತ್ತದೆ. ನಾನು ಹಾಕಿದ ದರ ಬರೀ ಲೆಕ್ಕ ತೋರಿಸುವುದಕ್ಕೆ. ನಿಮ್ಮೂರಲ್ಲಿ ಕಳೆದ ವರ್ಷ ಮನೆ ಕಟ್ಟಿಸಿದ ಇಬ್ಬರನ್ನು ಕೇಳಿ, ಒಬ್ಬ ಮೇಸ್ತ್ರಿಯನ್ನು ಕೇಳಿ, ಆಗುವುದಾದರೆ ಒಬ್ಬ ಇಂಜಿನಿಯರ್ ಹತ್ತಿರ ಎಸ್ಟಿಮೇಟ್ ಬರೆಸಿ ಸಹಿ ಹಾಕಿಸಿಕೊಳ್ಳಿ. ಆ ಕಾಗದ ಕ್ಲೇಮ್ ಹೊತ್ತಿಗೆ ಬಹಳ ಉಪಕಾರಕ್ಕೆ ಬರುತ್ತದೆ.

ಭಾರತ್ ಗೃಹ ರಕ್ಷಾ ಅಂದರೆ ಸರ್ಕಾರದ ಯೋಜನೆಯಾ?

ಹೆಸರು ಕೇಳಿದರೆ ಹಾಗೇ ಅನಿಸುತ್ತದೆ, ಆದರೆ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಒಂದೇ ಮಾದರಿಯ ಪಾಲಿಸಿ ಬರೆದುಕೊಟ್ಟು ಮನೆಗಳಿಗೆ ಬೆಂಕಿ ವಿಮೆ ಮಾರುವ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು ಎಂದು ಹೇಳಿತು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ, ಒಳಗಿನ ಮುಖ್ಯ ನಿಯಮಗಳು ಒಂದೇ.

ಕಂಪನಿಗಳು ತಮ್ಮದೇ ಬೇರೆ ಮನೆ ಪಾಲಿಸಿಗಳನ್ನೂ ಮಾರುತ್ತವೆ. ಅಂಥದ್ದನ್ನು ತೋರಿಸಿದರೆ ಒಂದೇ ಪ್ರಶ್ನೆ ಕೇಳಿ: 'ಕ್ಲೇಮಿನಲ್ಲಿ ಸವಕಳಿ ಕಳೆಯುತ್ತೀರಾ?' ಕಳೆಯುತ್ತೇವೆ ಅಂದರೆ ಮನೆ ಹಳೆಯದಾದಷ್ಟಕ್ಕೆ ಬೆಲೆ ಇಳಿಸುತ್ತಾರೆ, ಮೂವತ್ತು ವರ್ಷದ ಮನೆಗೆ ಆ ಇಳಿದ ಬೆಲೆ ಸಿಗುತ್ತದೆ ಅಷ್ಟೇ. ಅದರಲ್ಲಿ ಹೊಸ ಗೋಡೆ ಏಳುವುದಿಲ್ಲ.

ಪ್ರೀಮಿಯಂ ಉಳಿಸೋಕೆ ಅರ್ಧ ಮೊತ್ತಕ್ಕೆ ಮಾಡಿಸಿದರೆ ಏನಾಗುತ್ತದೆ?

ಹಳೇ ಬೆಂಕಿ ಪಾಲಿಸಿಗಳಲ್ಲಿ ಒಂದು ಕತ್ತರಿ ಇತ್ತು. 26 ಲಕ್ಷದ ಮನೆಯನ್ನು 13 ಲಕ್ಷಕ್ಕೆ ಮಾಡಿಸಿದ್ದರೆ, 4 ಲಕ್ಷ ಹಾನಿಯಾದಾಗ 2 ಲಕ್ಷ ಮಾತ್ರ ಕೊಡುತ್ತಿದ್ದರು. ಅರ್ಧ ವಿಮೆಗೆ ಅರ್ಧ ಪರಿಹಾರ. ಭಾರತ್ ಗೃಹ ರಕ್ಷಾದಲ್ಲಿ ಆ ಕತ್ತರಿ ಇಲ್ಲ. 4 ಲಕ್ಷ ಹಾನಿಗೆ 4 ಲಕ್ಷವೇ ಲೆಕ್ಕ.

ಇದನ್ನು ಕೇಳಿದ ಕೂಡಲೇ ನಮ್ಮ ಭಾವ 'ಹಾಗಾದ್ರೆ ಕಡಿಮೆಗೇ ಮಾಡ್ಸೋಣ ಬಿಡು' ಅಂದರು. ಅಲ್ಲೇ ಮೋಸ ಹೋಗುವುದು. ಇಡೀ ಮನೆ ಹೋದರೆ ಬರುವುದು 13 ಲಕ್ಷವೇ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಸಣ್ಣ ಹಾನಿಯನ್ನು ಹೇಗೋ ಕೈಸಾಲ ಮಾಡಿ ಸರಿ ಮಾಡಿಕೊಳ್ಳಬಹುದು. ವಿಮೆ ಬೇಕಾಗಿರುವುದೇ ಮನೆ ಪೂರ್ತಿ ಹೋದ ದಿನಕ್ಕೆ.

ಸಿಮೆಂಟು, ಕಬ್ಬಿಣದ ರೇಟು ವರ್ಷವರ್ಷ ಏರುತ್ತದಲ್ಲ?

ಭಾರತ್ ಗೃಹ ರಕ್ಷಾದಲ್ಲಿ ಕಟ್ಟಡದ ಮೊತ್ತ ವರ್ಷಕ್ಕೆ 10 ಪರ್ಸೆಂಟ್ ತಾನಾಗಿ ಏರುತ್ತದೆ. ಒಂದು ವರ್ಷದ ಪಾಲಿಸಿಯಲ್ಲಿ ದಿನದಿನಕ್ಕೆ ಇಷ್ಟಿಷ್ಟು ಅಂತ ಏರಿದರೆ, ಹತ್ತು ವರ್ಷದವರೆಗೆ ತೆಗೆದುಕೊಳ್ಳಬಹುದಾದ ದೀರ್ಘಾವಧಿ ಪಾಲಿಸಿಯಲ್ಲಿ ಪ್ರತಿ ವರ್ಷ ತುಂಬಿದಾಗ ಏರುತ್ತದೆ. ಇದಕ್ಕೆ ಬೇರೆ ಪ್ರೀಮಿಯಂ ಇಲ್ಲ. ಮೊದಲ ಮೊತ್ತದ ಎರಡರಷ್ಟು ಅದರ ಮಿತಿ.

ಆದರೆ ಮೊದಲ ದಿನ ಬರೆದ ಮೊತ್ತವೇ ತಪ್ಪಾಗಿದ್ದರೆ ಏರಿಕೆಯೂ ತಪ್ಪಿನ ಮೇಲೇ ಆಗುತ್ತದೆ. ಮಹಡಿ ಎಬ್ಬಿಸಿದರೆ, ಕೋಣೆ ಸೇರಿಸಿದರೆ ಅದು ತಾನಾಗಿ ಸೇರುವುದಿಲ್ಲ. ಕಂಪನಿಗೆ ತಿಳಿಸಿ ಸೇರಿಸಬೇಕು.

ಧರೆ ಕುಸಿದರೆ ಕೊಡುತ್ತಾರಾ?

ನಮ್ಮ ಕಡೆಯವರು ಮೊದಲು ಕೇಳಬೇಕಾದ ಪ್ರಶ್ನೆ ಇದು. 2018ರ ಆಗಸ್ಟಿನಲ್ಲಿ ಕೊಡಗು, 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜಾರಿದ್ದನ್ನು ಎಲ್ಲರೂ ನೋಡಿದ್ದೇವೆ.

ಭೂಕುಸಿತ, ಬಂಡೆ ಉರುಳುವುದು, ಮನೆ ನಿಂತ ನೆಲವೇ ಕುಸಿಯುವುದು ಮೂರೂ ಪಾಲಿಸಿಯ ಪಟ್ಟಿಯಲ್ಲಿವೆ. ಆದರೆ ಅದರ ಪಕ್ಕದಲ್ಲೇ 'ಇವುಗಳಿಗೆ ಇಲ್ಲ' ಅಂತ ಒಂದು ಸಣ್ಣ ಪಟ್ಟಿ ಇದೆ. ಅದು ನಮ್ಮ ಕಡೆಯ ಮನೆಗಳನ್ನೇ ನೋಡಿ ಬರೆದ ಹಾಗಿದೆ.

ಮಣ್ಣು ತುಂಬಿಸಿ ಮಟ್ಟ ಮಾಡಿದ ಜಾಗ ಕೂತುಕೊಂಡು ಗೋಡೆ ಬಿರಿದರೆ ಇಲ್ಲ. ಹೊಸ ಕಟ್ಟಡ ಒಂದಿಷ್ಟು ಕೂತು ಸಣ್ಣ ಬಿರುಕು ಬಂದರೆ ಇಲ್ಲ. ನದಿ ದಡ ಕೊರೆದು ಜಾಗ ಹೋದರೆ ಇಲ್ಲ. ತುಂಗೆ, ಮಾಲತಿ ದಂಡೆಯ ಮನೆಯವರು ಇದನ್ನು ಎರಡು ಸಲ ಓದಬೇಕು. ಕಟ್ಟಿದ್ದೇ ಸರಿಯಿರದೆ ಬಿದ್ದರೂ ಇಲ್ಲ. ಕೊನೆಯದಾಗಿ, ನೆಲ ಅಗೆಯುವ ಕೆಲಸದಿಂದ, ಕಟ್ಟಡದ ರಿಪೇರಿ ಅಥವಾ ಬದಲಾವಣೆಯಿಂದ ಕುಸಿದರೆ ಇಲ್ಲ.

ಈ ಕೊನೆಯದು ಎಷ್ಟು ಮನೆಗಳಿಗೆ ತಾಗುತ್ತದೆ ನೋಡಿ. ಈಗ ಯಾರು ಮನೆ ಕಟ್ಟಿದರೂ ಜೆಸಿಬಿ ತರಿಸಿ ಹಿಂದಿನ ಧರೆಯನ್ನು ನೆಟ್ಟಗೆ ಸೀಳಿಬಿಡುತ್ತಾರೆ. ಅಜ್ಜಂದಿರು ಗುದ್ದಲಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮೇಲೆ ಗಿಡ ಬಿಡುತ್ತಿದ್ದರು. ನೆಟ್ಟಗೆ ಕಡಿದ ಧರೆ ಎರಡನೇ ಮಳೆಗಾಲಕ್ಕೆ ಜರಿದರೆ 'ನೀವು ಅಗೆದದ್ದರಿಂದಲೇ ಬಿತ್ತು' ಅನ್ನುವ ಮಾತು ಬಂದೇ ಬರುತ್ತದೆ. ಧರೆ ಯಾವಾಗ ಕಡಿದದ್ದು, ಕಲ್ಲು ಕಟ್ಟಿದ್ದು ಯಾವಾಗ, ನೀರು ಹೋಗಲು ಮೇಲೆ ಕಾಲುವೆ ಇದೆಯಾ ಎಂಬುದಕ್ಕೆ ತಾರೀಕು ಇರುವ ಫೋಟೋ ಇಟ್ಟುಕೊಳ್ಳಿ. ಕಟ್ಟಿದ ತಡೆಗೋಡೆಯನ್ನೂ ಪಾಲಿಸಿಯಲ್ಲಿ ಸೇರಿಸಬಹುದು, ಬರೆಸಿ.

ಇನ್ನೊಂದು ಮಾತು. ಅವಶೇಷ ತೆಗೆಸುವ ಖರ್ಚು ಕ್ಲೇಮ್ ಮೊತ್ತದ 2 ಪರ್ಸೆಂಟ್‌ವರೆಗೆ ಮಾತ್ರ. ಇಂಜಿನಿಯರ್, ಸರ್ವೇಯರ್ ಫೀಸಿಗೆ 5 ಪರ್ಸೆಂಟ್‌ವರೆಗೆ. ಹತ್ತು ಲಕ್ಷದ ಕ್ಲೇಮಿಗೆ ಅವಶೇಷ ತೆಗೆಸಲು ಸಿಗುವುದು 20 ಸಾವಿರ. ಮನೆ ಹಿಂದೆ ಆಳೆತ್ತರ ಮಣ್ಣು ಬಂದು ಬಿದ್ದಿದ್ದರೆ ಜೆಸಿಬಿ, ಟಿಪ್ಪರ್ ಬಿಲ್ಲಿಗೆ ಅದು ಎಲ್ಲಿ ಸಾಕಾಗುತ್ತದೆ? ಆ ದುಡ್ಡು ಕೈಯಿಂದಲೇ ಅಂತ ತಿಳಿದುಕೊಂಡಿರಿ.

ಜಡಿಮಳೆಗೆ ನೆಂದು ಮಣ್ಣಿನ ಗೋಡೆ ಬಿದ್ದರೆ?

ಇದು ಕಷ್ಟದ ಪ್ರಶ್ನೆ. ಪಾಲಿಸಿಯ ಪಟ್ಟಿಯಲ್ಲಿ ಬಿರುಗಾಳಿ, ಚಂಡಮಾರುತ, ನೆರೆ, ನೀರು ನುಗ್ಗುವುದು ಇವೆ. ಬರೀ 'ಮಳೆ' ಅಂತ ಇಲ್ಲ. ಗಾಳಿಮಳೆಗೆ ಹೆಂಚು ಹಾರಿ, ನೀರು ಸುರಿದು ಗೋಡೆ ಬಿದ್ದರೆ ಕೇಳಲು ದಾರಿ ಇದೆ. ಮೂರು ವರ್ಷದಿಂದ ಸೋರುತ್ತಿದ್ದ ಮೂಲೆ ಆಷಾಢದಲ್ಲಿ ಕುಸಿದರೆ ಸವೆತ, ನಿರ್ವಹಣೆ ಇಲ್ಲ ಅಂತ ಕೈಬಿಡುತ್ತಾರೆ. ಅದರಲ್ಲಿ ನ್ಯಾಯವೂ ಇದೆ ಅನ್ನಬೇಕು. ಹಿಂದಿನವರು ಮಣ್ಣಿನ ಗೋಡೆಗೆ ಸೋಗೆ ತಟ್ಟಿ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.

ಅರ್ಜಿಯಲ್ಲಿ ಗೋಡೆ, ಮಾಡು ಯಾವುದರದ್ದು ಎಂದು ಕೇಳುತ್ತಾರೆ. ಮಣ್ಣಿನದ್ದಾದರೆ ಮಣ್ಣು, ಜಂಬಿಟ್ಟಿಗೆಯಾದರೆ ಜಂಬಿಟ್ಟಿಗೆ ಅಂತಲೇ ಬರೆಸಿ. ಸೋಗೆ, ಬಿದಿರು, ಟಾರ್ಪಾಲು, ಹಲಗೆಯ ಕಟ್ಟಡಗಳನ್ನು ವಿಮೆಯವರು ಕಚ್ಚಾ ಕಟ್ಟಡ ಅಂತ ಬೇರೆಯೇ ನೋಡುತ್ತಾರೆ. ಏಜೆಂಟು 'ಎಲ್ಲ ಆರ್‌ಸಿಸಿ ಅಂತ ಹಾಕೋಣ, ಬೇಗ ಆಗುತ್ತೆ' ಅಂದರೆ ಪೆನ್ನು ಕಸಿದುಕೊಳ್ಳಿ.

ಮರ ಬಿದ್ದರೆ? ನೆರೆ ಬಂದರೆ?

ಎರಡೂ ಇವೆ. ಹೊರಗಿನ ವಸ್ತು ಬಂದು ಬಡಿದ ಹಾನಿಯಲ್ಲಿ ಮರ ಬೀಳುವುದನ್ನು ಹೆಸರಿಸಿಯೇ ಬರೆದಿದ್ದಾರೆ. 2019ರಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತಲ್ಲ, ಅಂಥ ನೆರೆಗೂ ರಕ್ಷಣೆ ಇದೆ. ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕೆಸರಿನ ಗೆರೆಯ ಫೋಟೋ ತೆಗೆಯದೆ ಸುಣ್ಣ ಹೊಡೆಯಬೇಡಿ. ನೀರು ಎಲ್ಲಿವರೆಗೆ ಬಂದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಮಂಗ ಹೆಂಚು ಒಡೆದದ್ದಕ್ಕೆ ಬರುತ್ತಾ ಅಂತ ನಗುತ್ತಾ ಕೇಳುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಹತ್ತು ಹೆಂಚಿಗೆ ಕ್ಲೇಮ್ ಹಾಕಿ ಓಡಾಡುವ ಬಸ್ ಚಾರ್ಜಿನಲ್ಲಿ ಇಪ್ಪತ್ತು ಹೆಂಚು ಬರುತ್ತದೆ.

ಸಿಡಿಲು ಹೊಡೆದು ಟಿವಿ, ಫ್ರಿಡ್ಜ್ ಸುಟ್ಟರೆ?

ಸಿಡಿಲಿಗೆ ಗೋಡೆ ಸೀಳಿದರೆ, ಬೆಂಕಿ ಹತ್ತಿದರೆ ಇದೆ. ಆದರೆ ಕರೆಂಟಿನ ವೋಲ್ಟೇಜು ಏರಿ ಒಂದು ಯಂತ್ರ ಒಳಗೇ ಸುಟ್ಟರೆ, ಅದು ಸಿಡಿಲಿನಿಂದಲೇ ಆಗಿದ್ದರೂ, ಆ ಯಂತ್ರಕ್ಕೆ ಇಲ್ಲ. ಅದರಿಂದ ಬೆಂಕಿ ಹಬ್ಬಿ ಉಳಿದದ್ದು ಸುಟ್ಟರೆ ಉಳಿದದ್ದಕ್ಕೆ ಇದೆ. ಗುಡುಗು ಶುರುವಾದಾಗ ಪ್ಲಗ್ ಕೀಳುವ ಅಮ್ಮನ ಅಭ್ಯಾಸವೇ ಇಲ್ಲಿ ವಿಮೆ.

ಹುಣಸೋಡಿನಂಥ ಸ್ಫೋಟ ಆದರೆ?

2021ರ ಜನವರಿ 21ರ ರಾತ್ರಿ ಶಿವಮೊಗ್ಗದಲ್ಲಿದ್ದವರು ಯಾರೂ ಅದನ್ನು ಮರೆಯುವುದಿಲ್ಲ. ಭೂಕಂಪ ಅಂದುಕೊಂಡು ಜನ ಬೀದಿಗೆ ಬಂದಿದ್ದರು. ಆಮೇಲೆ ಗೊತ್ತಾದದ್ದು ಕಲ್ಲು ಕ್ವಾರಿ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದದ್ದು ಅಂತ. ಸ್ಫೋಟವೂ ಭೂಕಂಪವೂ ಎರಡೂ ಪಾಲಿಸಿಯಲ್ಲಿವೆ. ತೊಂದರೆ ಬರುವುದು ಬಿರುಕು ಹಳೆಯದಾ ಹೊಸದಾ ಎನ್ನುವಲ್ಲಿ. ವರ್ಷಕ್ಕೊಮ್ಮೆ, ಸುಣ್ಣ ಬಳಿದ ಮೇಲೆ, ಪ್ರತಿ ಗೋಡೆಯ ಫೋಟೋ ತೆಗೆದಿಟ್ಟರೆ ಈ ಜಗಳವೇ ಇರುವುದಿಲ್ಲ. ಹತ್ತು ನಿಮಿಷದ ಕೆಲಸ.

ಕೊಟ್ಟಿಗೆ, ಬಚ್ಚಲು, ಗೋಬರ್ ಗ್ಯಾಸ್, ಸೋಲಾರ್ ಎಲ್ಲ ಸೇರುತ್ತಾ?

ಬರೆಸಿದರೆ ಸೇರುತ್ತದೆ. ಕಾಂಪೌಂಡ್ ಗೋಡೆ, ಗೇಟು, ಬೇಲಿ, ತಡೆಗೋಡೆ, ಒಳಗಿನ ರಸ್ತೆ, ಜಗಲಿ, ಪೋರ್ಟಿಕೊ, ಗ್ಯಾರೇಜು, ನೀರಿನ ಟ್ಯಾಂಕು, ಸೆಪ್ಟಿಕ್ ಟ್ಯಾಂಕು, ಗೋಬರ್ ಗ್ಯಾಸ್, ಸೋಲಾರ್ ಪ್ಯಾನೆಲ್ ಇವೆಲ್ಲ ಹೆಚ್ಚುವರಿ ಕಟ್ಟಡಗಳ ಪಟ್ಟಿಯಲ್ಲಿ ಬರುತ್ತವೆ. ಇವಕ್ಕೆ ಬೇರೆ ಮೊತ್ತ ಕೂಡಿಸಬೇಕು.

ನಾನು ಎಡವಿದ್ದು ಇಲ್ಲೇ. ನಮ್ಮ ಬಚ್ಚಲುಮನೆ ಹಿಂದುಗಡೆ ಬೇರೆಯಾಗಿ ಕಟ್ಟಿದ್ದು. ಅಪ್ಪ ಕಟ್ಟಿಸಿದ ಮನೆಯ ಅಳತೆಯನ್ನಷ್ಟೇ ಅರ್ಜಿಯಲ್ಲಿ ಕೊಟ್ಟಿದ್ದೆ. ಹಾನಿ ಅಳೆಯಲು ಕಂಪನಿ ಕಡೆಯಿಂದ ಸರ್ವೇಯರ್ ಆಗಿ ಬಂದವರು ಒಳ್ಳೆಯವರೇ. ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದು, ಟೇಪು ಹಿಡಿದು, ಪಾಲಿಸಿ ನೋಡಿ, 'ಇದು ಇದರಲ್ಲಿ ಇಲ್ವಲ್ಲ' ಅಂದರು. ಹಂಡೆ, ಒಲೆ, ಕಲ್ಲುಚಪ್ಪಡಿ ಎಲ್ಲ ಮಣ್ಣಿನಡಿ. ಅದಕ್ಕೆ ಬಂದದ್ದು ಸೊನ್ನೆ. ಅಡುಗೆಮನೆ ಗೋಡೆಗೆ ಮಾತ್ರ ಸಿಕ್ಕಿತು.

ಆದ್ದರಿಂದ ಒಂದು ದಿನ ಸಂಜೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಕಣ್ಣಿಗೆ ಬಿದ್ದ ಪ್ರತಿ ಕಟ್ಟಡವನ್ನೂ ಚೀಟಿಯಲ್ಲಿ ಬರೆಯಿರಿ. ಆಮೇಲೆ ಅರ್ಜಿ ತುಂಬಿ.

ಹಳೇ ತೊಟ್ಟಿಮನೆ. ಬೀಟೆ ಕಂಬ, ಮರದ ಮುಚ್ಚಿಗೆ. ಅದನ್ನು ಹೇಗೆ ಲೆಕ್ಕ ಹಾಕುವುದು?

ಸಾಮಾನ್ಯ ಚದರದ ದರ ಇಲ್ಲಿ ನಡೆಯುವುದಿಲ್ಲ. ಇವತ್ತು ಅಂಥ ಕಂಬಕ್ಕೆ ಮರ ಹುಡುಕುವುದೇ ಸಾಹಸ, ಕೆತ್ತುವ ಆಚಾರಿಗಳೂ ಕಡಿಮೆ. ಮೊದಲು ಮನೆಯವರೆಲ್ಲ ಕೂತು ಒಂದು ತೀರ್ಮಾನ ಮಾಡಿ: ಬಿದ್ದರೆ ಅದೇ ಥರ ಕಟ್ಟುತ್ತೇವಾ, ಇಲ್ಲ ಸಿಮೆಂಟಿನ ಮನೆ ಸಾಕಾ? ಅದೇ ಥರ ಬೇಕೆಂದರೆ ಮರದ ಅಳತೆ, ಜಾತಿ, ಕೆತ್ತನೆ ಎಲ್ಲ ಸೇರಿಸಿ ಇಂಜಿನಿಯರ್ ಅಥವಾ ವ್ಯಾಲ್ಯುಯರ್ ಹತ್ತಿರ ಎಸ್ಟಿಮೇಟ್ ಮಾಡಿಸಿ, ಆ ಮೊತ್ತವನ್ನೇ ಹಾಕಿಸಿ. ಪ್ರೀಮಿಯಂ ಜಾಸ್ತಿ ಆಗುತ್ತದೆ. ಹಳೇ ಮನೆ ಇಟ್ಟುಕೊಳ್ಳುವ ಆಸೆಗೆ ಅದೂ ಒಂದು ಖರ್ಚು.

ಅಟ್ಟದಲ್ಲಿ ಅಡಿಕೆ ಇದೆ. ಅದಕ್ಕೂ ಬರುತ್ತಾ?

ಬರುವುದಿಲ್ಲ. ಕಟ್ಟಡದ ಜೊತೆ ಮನೆ ಸಾಮಾನಿಗೂ ವಿಮೆ ತೆಗೆದುಕೊಂಡರೆ ಕಟ್ಟಡದ ಮೊತ್ತದ 20 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷದವರೆಗೆ, ಪಟ್ಟಿ ಕೊಡದೆಯೇ ಸಿಗುತ್ತದೆ. ಅದು ಮಂಚ, ಬೀರು, ಪಾತ್ರೆ, ಟಿವಿಗೆ. ಮಾರಲು ಇಟ್ಟ ಅಡಿಕೆ, ಕಾಳುಮೆಣಸು, ಏಲಕ್ಕಿ ವ್ಯಾಪಾರದ ಸರಕು. ಅದಕ್ಕೆ ಸಣ್ಣ ಉದ್ಯಮಗಳಿಗೆ ಇರುವ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾದಂಥ ಬೇರೆ ಪಾಲಿಸಿ ಬೇಕು. ಒಡವೆಗೂ ಬೇರೆಯಾಗಿ, ಬೆಲೆ ಹೇಳಿ ಸೇರಿಸಬೇಕು.

ಅಡಿಕೆ ಬೇಯಿಸುವ ಒಲೆ ಮನೆಗೆ ತಾಗಿಕೊಂಡೇ ಇದ್ದರೆ ಅದನ್ನೂ ಹೇಳಿಬಿಡಿ. ಬೆಂಕಿ ಅಲ್ಲಿಂದ ಹತ್ತಿದಾಗ 'ಮೊದಲೇ ಹೇಳಿದ್ದೆ' ಅನ್ನುವ ಮಾತಿಗೆ ಬೆಲೆ ಇದೆ.

ಕಳ್ಳತನ?

ಬೆಂಕಿ, ನೆರೆಯಂಥ ಘಟನೆ ಆಗಿ ಏಳು ದಿನದೊಳಗೆ ಕಳುವಾದರೆ ಮಾತ್ರ ಇದರಲ್ಲಿ ಇದೆ. ಬರೀ ಕಳ್ಳತನಕ್ಕೆ ಬೇರೆ ಪಾಲಿಸಿ.

ಎರಡು ಕೋಣೆ ಹೋಮ್‌ಸ್ಟೇಗೆ ಬಿಟ್ಟಿದ್ದೇವೆ. ಊರ ಮನೆ ಖಾಲಿ ಇದೆ. ತೊಂದರೆ ಇದೆಯಾ?

ಮುಚ್ಚಿಟ್ಟರೆ ಇದೆ. ಈ ಪಾಲಿಸಿ ವಾಸದ ಮನೆಗೆ. ಅತಿಥಿಗಳಿಂದ ದುಡ್ಡು ತೆಗೆದುಕೊಳ್ಳುತ್ತಿದ್ದರೆ ಕಂಪನಿಗೆ ಬರಹದಲ್ಲಿ ತಿಳಿಸಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಗೆ ಬೀಗ ಅನ್ನುವ ಕತೆ ಈಗ ಪ್ರತಿ ಊರಿನದು. 30 ದಿನಕ್ಕಿಂತ ಜಾಸ್ತಿ ಖಾಲಿ ಬಿಡುವ ಬಗ್ಗೆ ಷರತ್ತು ಹಾಕುವ ಪಾಲಿಸಿಗಳಿವೆ. ನಿಮ್ಮದರಲ್ಲಿ ಆ ಸಾಲು ಹುಡುಕಿ ಓದಿ, ತಿಳಿಸುವುದಿದ್ದರೆ ಮೊದಲೇ ತಿಳಿಸಿ.

ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದೆ. ನಾನು ವಿಮೆ ಮಾಡಿಸಬಹುದಾ?

ಕಂಪನಿ ಪ್ರೀಮಿಯಂ ತೆಗೆದುಕೊಳ್ಳಬಹುದು. ಕ್ಲೇಮ್ ದಿನ ಮಾತ್ರ ಈ ಮನೆಯಲ್ಲಿ ನಿಮ್ಮ ಹಕ್ಕು ಏನು ಅಂತ ಕೇಳುತ್ತಾರೆ. ಮನೆ ಹೋದರೆ ನಷ್ಟ ನಿಮಗೇ ಆಗುತ್ತದೆ ಎಂದು ತೋರಿಸುವ ಕಾಗದ ಬೇಕು. ಪಂಚಾಯ್ತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿ ದಾಖಲೆಯ) ನಮೂನೆ 9, 11 ಸರಿ ಮಾಡಿಸಿ. ಪಾಲಾಗದ ಕೂಡು ಮನೆಯಾದರೆ ವಂಶವೃಕ್ಷ ಮಾಡಿಸಿ, ಹಕ್ಕಿರುವ ಅಣ್ಣತಮ್ಮ, ಅಕ್ಕತಂಗಿಯರ ಹೆಸರೂ ಪಾಲಿಸಿಯಲ್ಲಿ ಬರುವಂತೆ ನೋಡಿ. ದುಡ್ಡು ಬಂದಾಗ ಎಲ್ಲರಿಗೂ ಹಕ್ಕು ನೆನಪಾಗುತ್ತದೆ, ಪ್ರೀಮಿಯಂ ಕಟ್ಟುವಾಗ ಅಲ್ಲ.

ಮನೆ ಮತ್ತೆ ಕಟ್ಟುವವರೆಗೆ ಬಾಡಿಗೆ ಮನೆಯಲ್ಲಿರಬೇಕಲ್ಲ?

ವಾಸಕ್ಕೆ ಆಗದಷ್ಟು ಹಾನಿಯಾದರೆ ಬೇರೆ ಮನೆಯ ಬಾಡಿಗೆ, ನೀವೇ ಬಾಡಿಗೆಗೆ ಕೊಟ್ಟಿದ್ದರೆ ತಪ್ಪಿಹೋದ ಬಾಡಿಗೆ, ಕಟ್ಟಡದ ರಕ್ಷಣೆಯ ಜೊತೆಗೇ ಬರುತ್ತದೆ. ರಿಪೇರಿಗೆ ನಿಜವಾಗಿ ಬೇಕಾಗುವಷ್ಟು ಸಮಯಕ್ಕೆ. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಸರ್ಕಾರ ಪರಿಹಾರ ಕೊಡುತ್ತದಲ್ಲ, ವಿಮೆ ಯಾಕೆ?

2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತ್ತು. ಆದರೆ ಕೇಂದ್ರದ ವಿಪತ್ತು ನಿಧಿಯ 2022ರ ಮಾನದಂಡದಲ್ಲಿ ಪೂರ್ತಿ ಹಾನಿಯಾದ ಮನೆಗೆ ಇರುವುದು ಬಯಲು ಸೀಮೆಗೆ 1.2 ಲಕ್ಷ, ಗುಡ್ಡಗಾಡಿಗೆ 1.3 ಲಕ್ಷ. ಮೇಲಿನ ಲೆಕ್ಕದಲ್ಲಿ ಅರ್ಧ ಚದರಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಬಂದರೆ ತೆಗೆದುಕೊಳ್ಳಿ.

ಹಾನಿ ಆದ ದಿನ ಮೊದಲು ಏನು ಮಾಡಬೇಕು?

ಜನ ಸುರಕ್ಷಿತ ಅಂತ ಆದ ಮೇಲೆ, ಫೋಟೋ. ಏನನ್ನೂ ಮುಟ್ಟುವ ಮೊದಲು.

ನಮ್ಮ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಊರಿನ ಹತ್ತು ಹದಿನೈದು ಜನ ಹಾರೆ, ಗುದ್ದಲಿ ಹಿಡಿದು ಬಂದರು. ಬೇಡ ಅನ್ನೋಕಾಗುತ್ತಾ? ಮಧ್ಯಾಹ್ನದೊಳಗೆ ಅಂಗಳ ಚೊಕ್ಕಟ. ಮೂರನೇ ದಿನ ಬಂದ ಸರ್ವೇಯರ್ 'ಮಣ್ಣು ಎಷ್ಟು ಎತ್ತರಕ್ಕೆ ಬಂದಿತ್ತು?' ಅಂದಾಗ ನಾನು ಎದೆಯ ಹತ್ತಿರ ಕೈ ತೋರಿಸಿದೆ, ಚಿಕ್ಕಪ್ಪ ಸೊಂಟದ ಹತ್ತಿರ ತೋರಿಸಿದರು. ಒಂದು ಫೋಟೋ ಇಲ್ಲ.

ಆಮೇಲೆ ಕಂಪನಿಗೆ ಕೂಡಲೇ ಫೋನು ಮಾಡಿ ಕ್ಲೇಮ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವು, ಗಲಾಟೆಯಾದರೆ ಪೊಲೀಸ್ ದೂರು ಬೇಕು. ಗ್ರಾಮ ಆಡಳಿತಾಧಿಕಾರಿ ಪರಿಹಾರಕ್ಕೆಂದು ಮಾಡುವ ಪಂಚನಾಮೆಯ ನಕಲೂ ತೆಗೆದುಕೊಳ್ಳಿ. ಕ್ಲೇಮ್ ಅರ್ಜಿ ಹಾನಿ ಕಂಡ 30 ದಿನದೊಳಗೆ ಕೊಡಬೇಕು. ಇನ್ನಷ್ಟು ಮಳೆ ಒಳಗೆ ಬರದಂತೆ ಟಾರ್ಪಾಲು ಹೊದಿಸುವುದು ನಿಮ್ಮ ಜವಾಬ್ದಾರಿ, ಅದರ ಬಿಲ್ಲೂ ಇಟ್ಟುಕೊಳ್ಳಿ. ಮಾಡಿನ ಮುರಿದ ಪಕಾಸಿ, ರೀಪು ಸೌದೆಗೆ ಹೋಗದಿರಲಿ, ಸರ್ವೇಯರ್ ನೋಡಿ ಹೋಗುವ ತನಕ.

ಕಂಪನಿ ಕೊಡಲ್ಲ ಅಂದರೆ, ತೀರಾ ಕಡಿಮೆ ಕೊಟ್ಟರೆ?

ಯಾವ ಷರತ್ತಿನ ಪ್ರಕಾರ ಇಲ್ಲ ಅಂತ ಬರಹದಲ್ಲಿ ಕೇಳಿ, ಸರ್ವೇ ವರದಿಯ ನಕಲು ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪದಿದ್ದರೆ ವಿಮೆ ತಕರಾರು ಬಗೆಹರಿಸಲೆಂದೇ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಫೀಸು ಇಲ್ಲ, ವಕೀಲರು ಬೇಡ. ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲೂ ದೂರು ದಾಖಲಿಸಬಹುದು, 155255ಕ್ಕೆ ಫೋನೂ ಮಾಡಬಹುದು.

ನಾನು ಬಚ್ಚಲುಮನೆ ವಿಷಯಕ್ಕೆ ದೂರು ಕೊಡಲಿಲ್ಲ. ತಪ್ಪು ನನ್ನ ಅರ್ಜಿಯದ್ದೇ ಆಗಿತ್ತು.

ಪಾಲಿಸಿ ಕಾಗದ ಎಲ್ಲಿಡಬೇಕು?

ವಿಮೆ ಮಾಡಿಸಿದ ಮನೆಯಲ್ಲಂತೂ ಬೇಡ. ನಮ್ಮದು ಅಡುಗೆಮನೆ ಪಕ್ಕದ ಕೋಣೆಯ ಟ್ರಂಕಿನಲ್ಲಿತ್ತು, ಕೆಸರು ಹೊಕ್ಕು ಮುದ್ದೆಯಾಗಿತ್ತು. ಈಗ ಪಾಲಿಸಿ, ಎಸ್ಟಿಮೇಟು, ಗೋಡೆಗಳ ಫೋಟೋ ಎಲ್ಲ ಬೆಂಗಳೂರಿನಲ್ಲಿರುವ ತಂಗಿಯ ಮೇಲ್‌ಗೆ ಹೋಗುತ್ತವೆ. ಪ್ರತಿ ಮೇ ತಿಂಗಳು, ಹೆಂಚು ಕೈಯಾಡಿಸಿ ಮುಗಿದ ದಿನ.